ಹೆಬ್ಬೆಟ್ಟಿನ ಪಕ್ಕದ ಸಹಿ

ಮಣಿನಗರ, ಅಹಮದಾಬಾದು
12 ಜೂನ್ 1966, ಭಾನುವಾರ

ಅಮ್ಮನಿಗೆ ಸುಲೋಚನಾಳ ನಮಸ್ಕಾರಗಳು.

ಇದನ್ನು ನಿನಗೆ ಓದಿ ಹೇಳುವ ಬಾಲಚಂದ್ರಣ್ಣನಿಗೆ ಮೊದಲೇ ಒಂದು ಮಾತು. ಅಣ್ಣ, ಪುಟ ಹಾರಿಸಬೇಡ, ನಡುವೆ ನಿನ್ನ ತಮಾಷೆ ಸೇರಿಸಬೇಡ.

ಅಮ್ಮ, ನನ್ನ ಮನಿಯಾರ್ಡರು ತಂದ ಅಂಚೆಯವನನ್ನು ನೀನು ಬಾಗಿಲಲ್ಲಿ ನಿಲ್ಲಿಸಿ, ಕೊಡುವವನು ನೀನು, ತಗೊಳ್ಳುವವಳು ನಾನು, ಮತ್ತೆ ನನ್ನ ಬೆರಳಿಗೆ ಯಾಕೆ ಮಸಿ ಎಂದು ಕೇಳಿದೆಯಂತೆ. ಅವನು "ರಿಸೀಟ್, ಮಾ-ಜೀ" ಎಂದನಂತೆ. ಹಾಗಂದರೆ ರಸೀದಿ ಎಂದು ಅಣ್ಣ ಹೇಳಿದರೆ, "ಅದೂ ನಮ್ಮ ಮನೆ ಮಾತಲ್ಲ, ವಸ್ತು ಏನು ಅಂತ ಹೇಳು" ಎಂದೆಯಂತೆ. ಅಣ್ಣ ಜಾರಿಕೊಂಡು ನನ್ನ ಮೇಲೆ ಹಾಕಿದ್ದಾನೆ. ಸುಲೋಚನಾ ದಿನವಿಡೀ ಬರೆಯುವುದು ಅದನ್ನೇ, ಅವಳನ್ನೇ ಕೇಳು ಎಂದು.

ಅದು ನಿಜ. ಸಾಹಿತ್ಯ ಓದಿ ಪದವಿ ತಗೊಂಡವಳು ಈಗ ವಿಮಾ ಕಚೇರಿಯ ಒಂದು ಕಿಟಕಿಯ ಹಿಂದೆ ಕೂತು ರಸೀದಿ ಬರೆಯುತ್ತೇನೆ. ಕಿಟಕಿ ತಗ್ಗಿನಲ್ಲಿದೆ. ಆಚೆ ನಿಂತವರ ಮುಖ ಕಾಣುವುದಿಲ್ಲ, ಕೈಗಳು ಮಾತ್ರ ಕಾಣುತ್ತವೆ. ನನ್ನಂಥವಳಿಗೆ ಅದೇ ಅನುಕೂಲ. ಮೊನ್ನೆ ಗಿರಣಿಯ ಕೆಲಸಗಾರರೊಬ್ಬರು ಬಂದಿದ್ದರು, ಉಗುರಿನ ಸಂದಿಯಲ್ಲೆಲ್ಲ ಹತ್ತಿಯ ಎಳೆ. ಹಣ ಒಳಗೆ ತಳ್ಳಿದ ಮೇಲೂ ಅವರ ಕೈ ಅಲ್ಲೇ ಕಿಟಕಿಯ ಕಟ್ಟೆ ಹಿಡಿದುಕೊಂಡಿತ್ತು. ನಾನು ಬರೆದು ಸಹಿ ಮಾಡಿ ಚೀಟಿ ಹೊರಗೆ ತಳ್ಳಿದೆ. ಆಗ ಆ ಕೈ ಸಡಿಲವಾಯಿತು. ರಿಸೀಟು ಎಂದರೆ ಅದು, ಅಮ್ಮ.

ಕೊಟ್ಟವರ ಮನಸ್ಸು ಕೊಟ್ಟ ಮೇಲೂ ಆ ವಸ್ತುವಿನ ಹಿಂದೆಯೇ ಹೋಗುತ್ತಿರುತ್ತದೆ, ಸೇರಿತೋ ಇಲ್ಲವೋ ಎಂದು. ತಗೊಂಡವರು "ಇಂಥವರಿಂದ, ಇಂಥದ್ದು, ಇಂಥ ದಿನ ನನಗೆ ತಲುಪಿತು" ಎಂದು ಬರೆದು ಸಹಿ ಹಾಕಿಕೊಟ್ಟರೆ ಮನಸ್ಸು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಕೊಟ್ಟವರು "ನಾನು ಕೊಟ್ಟಿದ್ದೆ" ಎಂದು ಹೇಳಿಕೊಂಡು ತಿರುಗಬೇಕಾಗಿಲ್ಲ, ತಗೊಂಡವರು "ನನಗೇನೂ ಗೊತ್ತಿಲ್ಲ" ಎನ್ನುವ ಹಾಗಿಲ್ಲ. ಮೊತ್ತ ದೊಡ್ಡದಾದರೆ ಹತ್ತು ಪೈಸೆಯ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಅಡ್ಡಲಾಗಿ ಸಹಿ ಮಾಡುತ್ತಾರೆ. ಇಷ್ಟೇ.

ನೀನು ಬೆರಳೊತ್ತಿದ ಚೀಟಿ ತಿಂಗಳು ತಿಂಗಳೂ ನನಗೆ ವಾಪಸು ಬರುತ್ತದೆ. ಒಂದನ್ನೂ ಎಸೆದಿಲ್ಲ. ಈಳಿಗೆಮಣೆಯಲ್ಲಿ ಕೊಯ್ದುಕೊಂಡ ಗಾಯದ ಗೆರೆ ನಿನ್ನ ಎಡಗೈ ಹೆಬ್ಬೆರಳಿನಲ್ಲಿ ಓರೆಯಾಗಿ ಇದೆಯಲ್ಲ, ಅದು ಮಸಿಯಲ್ಲಿ ಬಿಳಿಯಾಗಿ ಮೂಡಿರುತ್ತದೆ. ಪಕ್ಕದಲ್ಲೇ ಸಾಕ್ಷಿ ಎಂದು ನಿನ್ನ ಸೊಸೆ ಮೀರಾ ಗುಜರಾತಿಯಲ್ಲಿ ಮಾಡಿದ ಸಹಿ. ಹೆಬ್ಬೆಟ್ಟಿಗೆ ಸಾಕ್ಷಿ ಬೇಕೆನ್ನುವುದು ಅಂಚೆಯವರ ನಿಯಮ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ತುಮಕೂರಿನಲ್ಲಿ ನಾನು ಸ್ಲೇಟು ತಂದು ನಿನಗೆ ಅಕ್ಷರ ಹೇಳಿಕೊಡಲು ಹೊರಟಿದ್ದೆ, ನೆನಪಿದೆಯಾ? ಮೂರು ದಿನ ಕೂತೆ. ನಾಲ್ಕನೆಯ ದಿನ ನೋಡಿದರೆ ನೀನು ಆ ಸ್ಲೇಟಿನ ಮೇಲೆ ಬೇಳೆ ಆರಿಸುತ್ತಿದ್ದೆ. ಈಗ ಮತ್ತೆ ಕೇಳುತ್ತಿದ್ದೇನೆ. ಅಣ್ಣನಿಗೆ ಸುರತ್‌ನಿಂದ ಬರೋಡಕ್ಕೆ ವರ್ಗವಾಗುವ ಸುದ್ದಿ ಇದೆಯಲ್ಲ. ಆ ಸಾಮಾನು ಸಾಗಿಸುವ ಗಲಾಟೆಯಲ್ಲಿ ನೀನು ಯಾಕೆ? ಅಡುಗೆಮನೆ ಇರುವ ಕೋಣೆಯೊಂದನ್ನು ಇಲ್ಲಿ ನೋಡಿಟ್ಟಿದ್ದೇನೆ. ನನ್ನ ಹತ್ತಿರ ಬಂದೇ ಬಿಡು.

ನಿನ್ನ ಮಗಳು,
ಸುಲೋಚನಾ


ನಾನ್‌ಪುರಾ, ಸುರತ್
3 ಜುಲೈ 1966

ಸುಲೋಚನಾ,

ಪುಟ ಹಾರಿಸಲಿಲ್ಲ ಕಣೇ. ತಮಾಷೆ ಸೇರಿಸಲು ನೀನು ಜಾಗವನ್ನೇ ಬಿಟ್ಟಿರಲಿಲ್ಲ. ರಿಸೀಟಿನ ಭಾಗವನ್ನು ಅಮ್ಮ ಎರಡು ಸಲ ಓದಿಸಿದಳು. ಆಮೇಲೆ ಮೀರಾ ಅದನ್ನೇ ಇನ್ನೊಂದು ಸಲ ಓದಿ ಅಂದಳು. ಬ್ಯಾಂಕಿನಲ್ಲಿ ಎಂಟು ಗಂಟೆ ರಸೀದಿ, ಮನೆಗೆ ಬಂದರೂ ರಸೀದಿ.

ಅಮ್ಮ ಆರೋಗ್ಯವಾಗಿದ್ದಾಳೆ. ಸಂಜೆ ಅತ್ತೆ ಸೊಸೆ ಇಬ್ಬರೂ ತಾಪಿ ನದಿಯ ದಂಡೆಗೆ ಹೋಗುತ್ತಾರೆ. ಅಮ್ಮ ಹಾಲಿನವನ ಹತ್ತಿರ ಗುಜರಾತಿಯಲ್ಲಿ ಜಗಳವಾಡುವಷ್ಟು ಮುಂದೆ ಹೋಗಿದ್ದಾಳೆ. ಮೀರಾಳ ಕನ್ನಡ ಮಾತ್ರ ಇದ್ದಲ್ಲೇ ಇದೆ. ನಿನಗೆ ಗೊತ್ತಿರುವುದೇ, ಅವಳಪ್ಪ ರೈಲ್ವೆ ಕೆಲಸಕ್ಕೆಂದು ಸುರತ್‌ಗೆ ಬಂದಾಗ ಅವಳಿಗೆ ಎರಡು ವರ್ಷ. ಕನ್ನಡ ಕಿವಿಗೆ ಬಿದ್ದದ್ದು ಮನೆಯೊಳಗೆ ಮಾತ್ರ, ಕಣ್ಣಿಗಂತೂ ಬಿದ್ದೇ ಇಲ್ಲ. ಆದರೂ ನಿನ್ನ ಪತ್ರಗಳನ್ನು ಘಾರಿ ಮಿಠಾಯಿಯ ಖಾಲಿ ಡಬ್ಬಿಯಲ್ಲಿ ಜೋಡಿಸಿಟ್ಟುಕೊಳ್ಳುತ್ತಾಳೆ. ಓದಲು ಬಾರದವಳಿಗೆ ಇದೆಲ್ಲ ಯಾಕೆ ಎಂದರೆ ನಗುತ್ತಾಳೆ.

ಕೊಯಾಲಿಯಲ್ಲಿ ಎಣ್ಣೆ ಕಾರ್ಖಾನೆ ಬಂದ ಮೇಲೆ ಬರೋಡದ ಶಾಖೆಗೆ ಜನ ಸಾಲದಂತೆ. ದೀಪಾವಳಿಯ ಹೊತ್ತಿಗೆ ನಾವು ಅಲ್ಲಿರುತ್ತೇವೆ. ನಿನ್ನ ಕೋಣೆಯ ವಿಷಯ ಅಮ್ಮನಿಗೆ ಹೇಳಿದೆ. "ನೋಡೋಣ" ಅಂದಳು. ಅಮ್ಮನ "ನೋಡೋಣ" ಎಂಥದ್ದು ಎಂದು ನಿನಗೂ ಗೊತ್ತು.

ನಿನ್ನ,
ಬಾಲಚಂದ್ರ


ಅಹಮದಾಬಾದು
21 ಆಗಸ್ಟ್ 1966

ಅಣ್ಣನಿಗೆ,

ಜುಲೈ ತಿಂಗಳ ಚೀಟಿಯಲ್ಲಿ ಹೆಬ್ಬೆಟ್ಟಿನ ಮೇಲುಗಡೆ ಪೆನ್ಸಿಲಿನಲ್ಲಿ ಒಂದು "ಪಾ" ಇತ್ತು. ಯಾವುದೋ ಮಗು ಗೀಚಿರಬೇಕು ಎಂದುಕೊಂಡು ಸುಮ್ಮನಾದೆ. ಈ ತಿಂಗಳ ಚೀಟಿ ನಿನ್ನೆ ಬಂತು. ಹೆಬ್ಬೆಟ್ಟು ಇಲ್ಲ. "ಪಾರ್ವತಿ" ಎಂದು ಮಸಿಯಲ್ಲಿ ಬರೆದಿದೆ. ಒಂದೊಂದು ಅಕ್ಷರ ಒಂದೊಂದು ಕಡೆ ವಾಲಿಕೊಂಡು, ಬಸ್ಸಿನಲ್ಲಿ ನಿಂತವರ ಹಾಗೆ. ಆದರೆ ಅಮ್ಮನ ಹೆಸರೇ. ಸಾಕ್ಷಿಯ ಜಾಗ ಖಾಲಿ.

ಕಚೇರಿಯಲ್ಲಿ ಪಕ್ಕದ ಮೇಜಿನ ಹೇಮಲತಾಬೆನ್‌ಗೆ ತೋರಿಸಿದೆ. ಅವರು ಸಂತೋಷಪಟ್ಟು ಪೇಡೆ ಕೊಡಿಸು ಎಂದರು. ಕೊಡಿಸಿದೆ. ನಾನೂ ಒಂದು ತಿಂದೆ.

ಕಲಿಸಿದ್ದು ಯಾರು? ನೀನಂತೂ ಅಲ್ಲ. ನಿನಗೆ ಷರ್ಟಿನ ಗುಂಡಿ ಹಾಕಿಕೊಳ್ಳುವಷ್ಟು ಪುರುಸೊತ್ತಿಲ್ಲ. ಅಕ್ಕಪಕ್ಕದಲ್ಲಿ ಕನ್ನಡದವರು ಬಂದಿದ್ದಾರಾ? ಮೇಷ್ಟರನ್ನು ಗೊತ್ತು ಮಾಡಿದ್ದೀರಾ? ನನಗೆ ಯಾಕೆ ಯಾರೂ ಹೇಳಲಿಲ್ಲ? ಮರುಟಪಾಲಿಗೆ ಬರೆ.

ಸುಲೋಚನಾ


ಸುರತ್
28 ಆಗಸ್ಟ್ 1966

ಸುಲೋಚನಾ,

ಮೇಷ್ಟರೂ ಇಲ್ಲ, ಯಾರೂ ಇಲ್ಲ. ಮಧ್ಯಾಹ್ನ ನಾನು ಮನೆಯಲ್ಲಿರುವುದಿಲ್ಲ. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಏನೋ ಮಾಡುತ್ತಾರೆ. ಕೇಳಿದರೆ ಅಮ್ಮ, "ಗಂಡಸರಿಗೆ ಎಲ್ಲಾ ಹೇಳಬೇಕಾ?" ಅನ್ನುತ್ತಾಳೆ. ಮೀರಾಳ ಮೂಗಿನ ತುದಿಗೆ ಬಳಪದ ಪುಡಿ ಅಂಟಿರುತ್ತದೆ. ಇಷ್ಟು ನನಗೆ ಗೊತ್ತು, ಇನ್ನು ನೀನುಂಟು ಅವರುಂಟು.

ಬಾಲಚಂದ್ರ


ಅಹಮದಾಬಾದು
18 ಸೆಪ್ಟೆಂಬರ್ 1966

ಅಣ್ಣ,

ಇದು ನಿನಗೊಬ್ಬನಿಗೆ. ಬ್ಯಾಂಕಿನ ವಿಳಾಸಕ್ಕೆ ಬರೆಯಬಹುದಿತ್ತು. ಆದರೆ ನಿನ್ನ ಮನೆಯಲ್ಲಿ ಕನ್ನಡ ಅಕ್ಷರಕ್ಕಿಂತ ಭದ್ರವಾದ ಬೀಗ ಯಾವುದಿದೆ? ಅದಕ್ಕೇ ಮನೆಗೇ ಕಳಿಸುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳಬೇಡ.

ಬಳಪದ ಪುಡಿ ಎಂದು ಬರೆದಿದ್ದೀಯ. ಆ ಮೂಗನ್ನು ಇಪ್ಪತ್ತು ದಿನದಿಂದ ನೋಡುತ್ತಿದ್ದೇನೆ. ಕಿಟಕಿಯ ಮುಂದೆ, ಊಟದ ತಟ್ಟೆಯ ಮುಂದೆ, ಎಲ್ಲೆಲ್ಲೂ.

ಕನ್ನಡದಲ್ಲಿ ಉಪ್ಪು ಕೇಳಲು ತಡವರಿಸುವವಳು ನನ್ನ ಅಮ್ಮನಿಗೆ ಅಕ್ಷರ ಕಲಿಸಿದಳು ಎಂದು ನಂಬಬೇಕೇ? ತಾನೇ ಓದಲಾರದ್ದನ್ನು ಹೇಗೆ ಕಲಿಸಿದಳು? ಯಾವುದೋ ಅಂಗಡಿಯ ಬೋರ್ಡಿನ ಹಾಗೆ ಆಕಾರ ನೋಡಿ ಗೀಚಿಸಿರಬೇಕು. ಅಮ್ಮ ಅವಳಿಗೆ ಆಟದ ಬೊಂಬೆಯಾಗಿದ್ದಾಳೆ. ನದಿಗೆ ಕರೆದುಕೊಂಡು ಹೋಗುವುದು, ಗುಜರಾತಿಯಲ್ಲಿ ಮಾತಾಡಿಸುವುದು, ಈಗ ಇದು. ತನ್ನ ತಾಯಿ ಇದೇ ಊರಿನಲ್ಲಿದ್ದರೂ ನಿನ್ನ ಹೆಂಡತಿಗೆ ನನ್ನ ತಾಯಿಯೇ ಬೇಕು.

ಇದು ಹೊಟ್ಟೆಕಿಚ್ಚಲ್ಲ. ನ್ಯಾಯ ಕೇಳುತ್ತಿದ್ದೇನೆ. ನಾನು ಹದಿನೇಳು ವರ್ಷದವಳಿದ್ದಾಗ ಅಮ್ಮನ ಮುಂದೆ ಸ್ಲೇಟು ಹಿಡಿದು ಕೂತಿದ್ದೆ. ಅವಳು ನನ್ನನ್ನು ಒಲ್ಲೆ ಎಂದಳು. ನನ್ನ ಹತ್ತಿರ ಅಷ್ಟು ಅಕ್ಷರ ಇತ್ತು, ಎಲ್ಲವನ್ನೂ ಕೊಡಲು ತಯಾರಿದ್ದೆ. ಏನೂ ಇಲ್ಲದವಳಿಂದ ತಗೊಂಡಳು. ನನ್ನ ಕೈಯಲ್ಲಿ ಇಷ್ಟು ವರ್ಷದಿಂದ ಇದ್ದದ್ದು ಅವಳ ಹೆಬ್ಬೆಟ್ಟೊಂದೇ. ಅದನ್ನೂ ನಿನ್ನ ಹೆಂಡತಿ ಅಳಿಸಿಬಿಟ್ಟಳು.

ಕೋಣೆಗೆ ಮುಂಗಡ ಕೊಟ್ಟಿದ್ದೇನೆ. ಬರೋಡಕ್ಕೆ ಹೊರಡುವ ಮೊದಲು ಅಮ್ಮನನ್ನು ಇಲ್ಲಿಗೆ ಬಿಟ್ಟು ಹೋಗು. ನೀನು ಮೀರಾಳ ಮುಖ ನೋಡಿ ಇಲ್ಲ ಎಂದರೆ, ಇನ್ನು ಮೇಲೆ ನನ್ನ ಪತ್ರ ಬರುವುದಿಲ್ಲ.

ಸುಲೋಚನಾ


ರಸೀದಿ

ಸುರತ್
29 ಸೆಪ್ಟೆಂಬರ್ 1966

ಸುಲೋಚನಾಬೆನ್ ಇವರಿಂದ, 18ನೇ ತಾರೀಖಿನ ಪತ್ರ ಒಂದು, ಪುಟ ನಾಲ್ಕು, ನನಗೆ ತಲುಪಿತು.

ಮೇಲೆ ಅವರ ಹೆಸರು ಇತ್ತು. ನಾನು ತೆರೆದೆ. ನಿಮ್ಮ ಎಲ್ಲಾ ಪತ್ರ ಅತ್ತೆ ಮತ್ತು ನಾನು ಮೊದಲು ನೋಡುತ್ತೇವೆ. ಅದು ನಮ್ಮ ಪಾಠ. ಈ ಪತ್ರದ ಅಕ್ಷರ ಸಣ್ಣದು. ಅತ್ತೆಗೆ ಕಾಣಲಿಲ್ಲ. ನಾನು ಒಬ್ಬಳೇ ಓದಿದೆ. ಆರು ದಿನ ಆಯಿತು. ಎರಡು ಶಬ್ದ ಗೊತ್ತಾಗಲಿಲ್ಲ. ಯಾರನ್ನೂ ಕೇಳಲಿಲ್ಲ. ಅವರಿಗೆ ಪತ್ರ ಕೊಡಲಿಲ್ಲ.

ಕೊಟ್ಟದ್ದು ತಲುಪಿತು.

ಮೀರಾ


ಸುರತ್
16 ಅಕ್ಟೋಬರ್ 1966

ಸುಲೋಚನಾ,

ಎಲ್ಲಿ ಹೋದೆ? ಆಗಸ್ಟಿನಲ್ಲಿ ನಾನು ಬರೆದ ಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ಬಳಪದ ಮಾತಿಗೆ ಕೋಪವೇ? ಮನೆಯಲ್ಲಿ ಈ ಅಕ್ಷರದ ಕಥೆ ಈಗ ಬಯಲಾಗಿದೆ. ಮೊನ್ನೆ ನಾನು ವರ್ಗದ ಹುಕುಂ ತಂದರೆ ಅಮ್ಮ ಕೈಚಾಚಿ ಇಸಕೊಂಡಳು, ಇಂಗ್ಲಿಷೋ ಎಂದು ಬೇಸರದಿಂದ ವಾಪಸು ಕೊಟ್ಟಳು. ನವೆಂಬರ್ ಒಂದಕ್ಕೆ ಬರೋಡದಲ್ಲಿ ಹಾಜರಾಗಬೇಕು. ಅಮ್ಮ ನಿನ್ನ ಹತ್ತಿರ ಬರುತ್ತಾಳೋ ನಮ್ಮ ಜೊತೆಯೋ ಎಂದು ಕೇಳಿದೆ. ತಾನೇ ನಿನಗೆ ಬರೆಯುತ್ತಾಳಂತೆ. "ತಾನೇ" ಎಂಬ ಮಾತನ್ನು ಎಷ್ಟು ಜೋರಾಗಿ ಹೇಳಿದಳು ಗೊತ್ತಾ?

ಮೀರಾ ಯಾಕೋ ಸ್ವಲ್ಪ ದಿನದಿಂದ ಮೌನ. ಹುಟ್ಟಿದೂರಲ್ಲದಿದ್ದರೂ ಬೆಳೆದೂರು ಬಿಡುವ ಬೇಸರ ಇರಬೇಕು.

ಬಾಲಚಂದ್ರ


ಅಹಮದಾಬಾದು
23 ಅಕ್ಟೋಬರ್ 1966

ಅತ್ತಿಗೆ,

ನಿಮ್ಮನ್ನು ಹೀಗೆ ಕರೆದು ಬರೆಯುತ್ತಿರುವುದು ಇದೇ ಮೊದಲು. ಮದುವೆಯಾಗಿ ಎರಡು ವರ್ಷವಾಯಿತು. ನನಗಿಂತ ಚಿಕ್ಕವರು ಎನ್ನುವ ನೆಪ ಇಟ್ಟುಕೊಂಡಿದ್ದೆ.

ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಒಂದು ದಿನದಲ್ಲಿ ಓದಿ ಮುಗಿಯಲಿ.

ನಿಮ್ಮ ರಸೀದಿ ತಲುಪಿತು. ಅದಕ್ಕೆ ರೆವಿನ್ಯೂ ಸ್ಟಾಂಪು ಅಂಟಿಸಿ ಅಡ್ಡಲಾಗಿ ಸಹಿ ಮಾಡಿದ್ದೀರಿ. ಪತ್ರಕ್ಕೆ ಸ್ಟಾಂಪು ಬೇಕಿಲ್ಲ, ದೊಡ್ಡ ಮೊತ್ತಕ್ಕೆ ಮಾತ್ರ. ಹಾಗೆಂದು ನಾನೇ ಬರೆದಿದ್ದೆ. ನೀವು ಮರೆತಿರಲಾರಿರಿ.

ದಿನಕ್ಕೆ ನೂರಾರು ರಸೀದಿ ಬರೆದುಕೊಟ್ಟಿದ್ದೇನೆ. ಒಂದನ್ನು ಕೈಯಲ್ಲಿ ಹಿಡಿದು ಕೂರುವುದು ಹೇಗೆ ಎಂದು ಗೊತ್ತಿರಲಿಲ್ಲ. ಕೊಟ್ಟೆನೋ ಇಲ್ಲವೋ ಎಂದು ಇನ್ನು ಅನುಮಾನಪಡುವ ಹಾಗಿಲ್ಲ. ಕೊಟ್ಟದ್ದು ನಾನೇ.

ಎರಡು ಶಬ್ದ ಗೊತ್ತಾಗಲಿಲ್ಲ ಎಂದಿರಿ. ಒಂದು "ಹೊಟ್ಟೆಕಿಚ್ಚು" ಇರಬೇಕು. ಇನ್ನೊಬ್ಬರ ಹತ್ತಿರ ಇರುವುದು ತನ್ನದಾಗಬೇಕಿತ್ತು ಎಂದು ಒಳಗೆ ಸುಡುವುದು. ಆ ಪತ್ರದಲ್ಲಿ ಅದರ ಮುಂದೆ "ಅಲ್ಲ" ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ಓದಿ. ಇನ್ನೊಂದು ಶಬ್ದ ಯಾವುದೋ ತಿಳಿಯದು. ಕೇಳಿದರೆ ಹೇಳುತ್ತೇನೆ.

ಅಮ್ಮನಿಗೆ ಆ ಪತ್ರ ತೋರಿಸಬೇಡಿ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಸುಲೋಚನಾ


ಬರೋಡ
20 ನವೆಂಬರ್ 1966

ಸುಲೋಚನಾ,

ನಿನ್ನ ಅಮ್ಮ ಬರೆದದ್ದು. ನಾನೇ ಬರೆದದ್ದು. ನಾಲ್ಕು ಮಧ್ಯಾಹ್ನ ಆಯಿತು. ನಗಬೇಡ.

ಈ ಮನೆ ಚೆನ್ನಾಗಿದೆ. ನೀರು ಬೆಳಿಗ್ಗೆ ಬರುತ್ತೆ. ನದಿ ಇಲ್ಲ.

ನೀನು ರಿಸೀಟು ಅಂದರೆ ಏನು ಅಂತ ಬರೆದೆಯಲ್ಲ. ಅವತ್ತು ನನಗೆ ನಿದ್ದೆ ಬರಲಿಲ್ಲ. ತಗೊಂಡವಳು ಬರೆದು ಕೊಡಬೇಕು ಅಂದೆ. ಮಗಳು ಇಷ್ಟು ವರ್ಷ ಕಳಿಸಿದಾಳೆ, ನಾನು ಬೆರಳು ಅದ್ದಿ ಒತ್ತಿ ಕಳಿಸಿದೀನಿ. ಅದು ಬಂತು ಅಂದ ಹಾಗೆ ಆಗಲಿಲ್ಲ ಅನ್ನಿಸಿತು. ಮೀರಾಗೆ ಹೇಳಿದೆ. ಅವಳು, ಅತ್ತೆ ನನಗೂ ಬರಲ್ಲ, ಕಲಿಯೋಣ ಅಂದಳು.

ಪುಸ್ತಕ ಇರಲಿಲ್ಲ. ನಿನ್ನ ಪತ್ರ ಇತ್ತು. ಬಾಲು ಓದಿದಾಗ ನಾನು ಬಾಯಿಪಾಠ ಮಾಡಿಕೊಳ್ಳೋದು. ನೀನು ಬರೆದದ್ದೆಲ್ಲಾ ನನಗೆ ಬಾಯಿಗೆ ಬರುತ್ತೆ. ಮಧ್ಯಾಹ್ನ ನಾನು ಹೇಳೋದು, ಅವಳು ಬೆರಳಿಟ್ಟು ಇದು ಅಮ್ಮ, ಇದು ಸುಲೋಚನಾ ಅಂತ ಹುಡುಕೋದು. ಅವಳಿಗೆ ಗುಜರಾತಿ ಅಕ್ಷರ ಬರುತ್ತಲ್ಲ, ಬೇಗ ಹಿಡಿದಳು. ನನಗೆ ಲೇಟು. ಮೊದಲು ಓದಿದ್ದು ನಿನ್ನ ಹೆಸರು. ನನ್ನ ಹೆಸರು ಆಮೇಲೆ.

ತುಮಕೂರಲ್ಲಿ ಯಾಕೆ ಕಲೀಲಿಲ್ಲ ಅಂತ ನಿನಗೆ ಬೇಜಾರು ಇದೆ. ನನಗೆ ಗೊತ್ತು. ನಾನು ತಪ್ಪು ಬರೆದರೆ ನೀನು ಬಯ್ಯುತ್ತಿರಲಿಲ್ಲ. ಮೆಲ್ಲಗೆ ಒರೆಸಿ ಸರಿ ಬರೀತಿದ್ದೆ. ಅದು ನನಗೆ ಕಷ್ಟ. ಹೆತ್ತ ಮಗಳ ಮುಂದೆ ದಿನಾ ತಪ್ಪು ಮಾಡೋಕೆ ಆಗಲ್ಲ. ಮೀರಾನೂ ತಪ್ಪು ಬರೀತಾಳೆ. ಇಬ್ಬರೂ ನಗ್ತೀವಿ. ಅಷ್ಟೇ ಕಣೇ.

ಸಣ್ಣ ಅಕ್ಷರದ ದೊಡ್ಡ ಪತ್ರ ಬರೆದಿದ್ದೆಯಲ್ಲ, ನನಗೆ ಕಾಣಲಿಲ್ಲ. ಮೀರಾ ಓದಿ ಹೇಳಿದಳು. ಚಳಿ ಬರುತ್ತೆ, ಅಮ್ಮ ತಣ್ಣೀರು ಸ್ನಾನ ಮಾಡಬಾರದು, ಶುಂಠಿ ಕಷಾಯ ಕುಡೀಬೇಕು ಅಂತ ನಾಲ್ಕು ಪುಟ ಬರೆದಿದ್ದೀಯಂತೆ. ಕುಡೀತಿದೀನಿ.

ಬಂದೇ ಬಿಡು ಅಂತ ಕರೆದೆ. ಬಂದೇ ಬಿಡಲ್ಲ. ಬರ್ತೀನಿ. ಹೊಸ ವರ್ಷಕ್ಕೆ ಬಂದು ಒಂದು ತಿಂಗಳು ಇರ್ತೀನಿ. ಮತ್ತೆ ಇಲ್ಲಿಗೆ ಬರಬೇಕು. ಇಲ್ಲಿ ನನಗೆ ಪಾಠ ಇದೆ.

ನಿನ್ನ ಅಮ್ಮ,
ಪಾರ್ವತಿ


ಅಹಮದಾಬಾದು
8 ಜನವರಿ 1967, ಭಾನುವಾರ

ಅತ್ತಿಗೆಗೆ,

ರಸೀದಿ.

ನಿಮ್ಮಿಂದ ನಿನ್ನೆ ಮಧ್ಯಾಹ್ನದ ಗಾಡಿಯಲ್ಲಿ ನನಗೆ ತಲುಪಿದ್ದು: ಅಮ್ಮ. ಒಂದು ತಿಂಗಳ ಮಟ್ಟಿಗೆ. ಅವಳ ಹಾಸಿಗೆ ಸುರುಳಿ, ಬರೋಡದ ತಿಂಡಿ ಲೀಲೋ ಚೇವಡದ ಡಬ್ಬಿ, ಶುಂಠಿಯ ಪೊಟ್ಟಣ, ಸ್ಲೇಟು.

ಶುಂಠಿಯ ಪೊಟ್ಟಣವನ್ನು ಅಮ್ಮ ನನ್ನ ಕೈಗೆ ಕೊಟ್ಟು, "ನೀನು ಬರೆದಿದ್ದೆಯಲ್ಲ, ಅದಕ್ಕೇ ಮೀರಾ ಮರೀದೆ ಇಟ್ಟಳು" ಎಂದಳು. ಹೂಂ ಎಂದೆ. ಬೆಳಿಗ್ಗೆ ಕಷಾಯ ಮಾಡಿಕೊಟ್ಟೆ. ನಾನು ಬರೆಯದಿದ್ದ ನಾಲ್ಕು ಪುಟ ಇನ್ನು ನನ್ನದೇ ಆಗಬೇಕಷ್ಟೆ.

ನೀವು ಅಮ್ಮನ ಜೊತೆ ಬರುತ್ತೀರಿ ಎಂದುಕೊಂಡಿದ್ದೆ. ಅಣ್ಣ ಒಬ್ಬನೇ ಬಂದು ಬಿಟ್ಟುಹೋದ. ಯಾಕೆ ಬರಲಿಲ್ಲ ಎಂದು ಅವನನ್ನು ಕೇಳಲಿಲ್ಲ.

ಒಂದು ವಿಷಯ ನಿಮಗೇ ಹೇಳಬೇಕು. ಬಂದವಳು ಕೈಕಾಲು ತೊಳೆದು, ಕಾಫಿ ಕುಡಿಯುವ ಮೊದಲೇ, ಒಂದು ಕಾಗದ ಕೊಡು, ತಲುಪಿದೆ ಅಂತ ಮೀರಾಗೆ ಬರೀಬೇಕು ಎಂದಳು. ಆರು ತಿಂಗಳಿಂದ ಈ ಕೋಣೆಗಾಗಿ ಅಲೆದಿದ್ದೇನೆ, ಹೊಸ ಸ್ಟವ್ ತಂದಿದ್ದೇನೆ, ಕಿಟಕಿಗೆ ಪರದೆ ಹೊಲಿದಿದ್ದೇನೆ. ಅವಳು ಕಾಗದ ಕೇಳಿದಳು. ಕೊಟ್ಟೆ. ಕಿಟಕಿಯ ಹತ್ತಿರ ಕೂತು ಬರೆದಳು. ಉತ್ತರಾಯಣಕ್ಕೆ ಇನ್ನೂ ಒಂದು ವಾರ ಇದ್ದರೂ ಹೊರಗೆ ಗಾಳಿಪಟ ಹಾರುತ್ತಿದ್ದವು, ಮಾಳಿಗೆಗಳಲ್ಲಿ ಕೂಗಾಟ. ಅವಳು ತಲೆ ಎತ್ತಲಿಲ್ಲ.

ನಾನು ಕಾಫಿ ಇಡುವ ನೆಪದಲ್ಲಿ ಹತ್ತಿರ ಹೋದೆ. ಅಮ್ಮ ಎಡಗೈಯನ್ನು ಅಡ್ಡ ಇಟ್ಟು ಬರೆದದ್ದನ್ನು ಮುಚ್ಚಿಕೊಂಡಳು. ಆ ಹೆಬ್ಬೆರಳಿನ ಗಾಯದ ಗೆರೆ ನನ್ನ ಕಡೆಗೇ ಇತ್ತು. ಎಷ್ಟೋ ಚೀಟಿಗಳಲ್ಲಿ ನೋಡಿದ ಗೆರೆ. "ಏನಮ್ಮಾ, ನನಗೂ ತೋರಿಸಬಾರದಾ?" ಎಂದೆ. "ನಿಂದಲ್ಲ, ಹೋಗು. ತಪ್ಪೆಲ್ಲಾ ಇದೆ," ಎಂದಳು.

ಹೋದೆ. ಒಲೆಯ ಕಡೆ ಮುಖ ಮಾಡಿ ನಿಂತೆ. ಒಳಗೆ ಸುಟ್ಟಿತು, ಅತ್ತಿಗೆ. ಆ ಶಬ್ದದ ಅರ್ಥ ನಿಮಗೆ ಹೇಳಿಕೊಟ್ಟವಳು ನಾನೇ, ನಿಮ್ಮ ಹತ್ತಿರ ಮುಚ್ಚಿಡಲಾರೆ. ಆದರೆ ತಿರುಗಿ ನೋಡಲಿಲ್ಲ. ಅವಳು ಬರೆದು ಮುಗಿಸುವವರೆಗೆ ಕಾಫಿ ಬಿಸಿಯಾಗಿಯೇ ಇಟ್ಟಿದ್ದೆ.

ಆ ಕಾಗದವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮಡಿಸಿ ಅಂಟು ಹಾಕಿದ್ದು ಅಮ್ಮ. ನಾನು ಓದಿಲ್ಲ. ಅಂಟಿನ ಮೇಲೆ ಅಡ್ಡಲಾಗಿ, ನೀವು ಮಾಡಿದ ಹಾಗೆ, ಸಹಿ ಮಾಡಿದ್ದಾಳೆ. ಸಹಿ ಬಲ್ಲವರಿಗೆ ಸಾಕ್ಷಿ ಬೇಕಿಲ್ಲ. ಆದರೂ ಆ ಅಂಟಿನ ಗೆರೆಯ ಮೇಲೆ ಸ್ವಲ್ಪ ಜಾಗ ಉಳಿದಿತ್ತು. ಅಮ್ಮನನ್ನು ಕೇಳಿ, ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದಿದ್ದೇನೆ.

ತಲುಪಿದ ಮೇಲೆ ತಿಳಿಸಿ. ಸ್ಟಾಂಪು ಬೇಡ.

ಸಾಕ್ಷಿ,
ಸುಲೋಚನಾ